ಒರೆಗಲ್ಲಿನ ಮೇಲೆ ಎರಡು ಗೆರೆ

"ಒಪ್ಕಂಡ ಕಣ್ ಬೋರಣ್ಣ, ಎಲ್ಲಾ ಒಪ್ಕಂಡ. ನೀವಿನ್ನು ಸ್ಕೂಟ್ರು ತಿರುಗ್ಸಿ," ಎಂದ ಸಬ್ ಇನ್ಸ್‌ಪೆಕ್ಟರ್ ನಾಗರಾಜು, ಟೀ ಲೋಟವನ್ನು ಮೇಜಿನ ಮೇಲೆ ಕುಕ್ಕಿ.

ನನ್ನ ಸ್ಕೂಟರು ಬರಿಗೈಲಿ ತಿರುಗುವ ಜಾತಿಯದಲ್ಲ. ನಾಗಮಂಗಲದಲ್ಲಿ ನಾನು ಅದನ್ನು ಒದ್ದು ಎಬ್ಬಿಸಿದರೆ ಪಾಂಡವಪುರದ ಕಳ್ಳರು ಎದ್ದು ಚಪ್ಪಲಿ ಹುಡುಕುತ್ತಾರೆ. ಶ್ರೀರಂಗಪಟ್ಟಣದ ಸೇತುವೆ ದಾಟುವಾಗ ಹಾರನ್ ಹೊಡೆದರೆ ಏನೂ ಮಾಡದ ಸಂಭಾವಿತರು ಕೂಡ ಒಮ್ಮೆ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಪತ್ತೇದಾರ ಬೋರಯ್ಯ ಎಂದರೆ ಅಷ್ಟು. ಸ್ಕಾಟ್ಲೆಂಡ್ ಯಾರ್ಡಿನ ಪೊಲೀಸರು ಎರಡು ಸಲ ಹೇಳಿ ಕಳಿಸಿದ್ದರು. ರಾಗಿ ಕುಯ್ಲು ಇತ್ತು, ಹೋಗಲಿಲ್ಲ.

ಬಾಬುರಾಯನಕೊಪ್ಪಲಿನಿಂದ ಆಚೆ, ಕಬ್ಬಿನ ಗದ್ದೆಗಳ ನಡುವಿನ ಹಳೆಯ ಚರ್ಚಿನಿಂದ ಪೂಜೆಯ ಚಿನ್ನದ ಬಟ್ಟಲು ಕಾಣೆಯಾಗಿತ್ತು. ಅದಕ್ಕೆ ಸ್ವಲ್ಪ ಮುಂಚೆ ಬಟ್ಟಲಿನ ಕಾಲು ಅಲ್ಲಾಡುತ್ತಿದೆಯೆಂದು ರಿಪೇರಿಗೆ ಬಂದಿದ್ದವನು ಕೆ.ಆರ್. ಪೇಟೆಯ ಅಕ್ಕಸಾಲಿ ಲಕ್ಷ್ಮಣಾಚಾರಿ. ಪೊಲೀಸರು ಅವನನ್ನೇ ಎತ್ತಿಕೊಂಡು ಬಂದಿದ್ದರು.

ಅವನ ಹೆಂಡತಿ ಪಾರ್ವತಮ್ಮ ಠಾಣೆಯ ಜಗುಲಿಯ ಮೇಲೆ ಊಟದ ಡಬ್ಬಿ ತಬ್ಬಿಕೊಂಡು ಕೂತಿದ್ದಳು. ನನ್ನನ್ನು ಈ ಕೇಸಿಗೆ ಎಳೆದವಳು ಅವಳೇ. "ಅಣ್ಣ, ಜೈಲಾದ್ರೆ ಆಗ್ಲಿ, ಬತ್ತಾರೆ. ಕಳ್ಳ ಅನ್ನೋ ಎಸ್ರು ಬಂದ್ರೆ ಓಯ್ತು. ಆಮ್ಯಾಕೆ ಯಾರಣ್ಣ ನಮ್ ಕೈಗೆ ತಾಳಿ ಮಾಡಕ್ಕೆ ಕೊಡ್ತಾರೆ?" ಎಂದಿದ್ದಳು. ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ನನಗೆ ಗೊತ್ತು. ಆದರೆ ಪೇಟೆ ಬೀದಿಯಲ್ಲಿ ನಿಲ್ಲುತ್ತದೆ. ಅಲ್ಲಿ ಅದಕ್ಕೆ ಅಪೀಲೂ ಇಲ್ಲ.

ಒಳಗೆ ನನ್ನ ಪಕ್ಕದಲ್ಲಿ ಆ ಚರ್ಚಿನ ಗುರುಗಳು, ಫಾದರ್ ಚೌರಪ್ಪ. ಎಪ್ಪತ್ತು ದಾಟಿದ ಜೀವ. ಪಾದ್ರಿಗಳಾಗುವವರಿಗೆ ಒಂದು ಕಾಲದಲ್ಲಿ ಬೈಬಲಿನ ಗ್ರೀಕ್ ಭಾಷೆ ಕಲಿಸಿದವರು. ಆಚಾರಿಯ ಪರವಾಗಿ ಎರಡು ಒಳ್ಳೆಯ ಮಾತು ಹೇಳಲಿ ಎಂದು ನಾನೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದಿದ್ದೆ. ದಾರಿಯುದ್ದಕ್ಕೂ ಅವರು ತುಟಿ ಬಿಚ್ಚಲಿಲ್ಲ. ಇಬ್ಬರಿಗೂ ಸಾಲುವಷ್ಟು ನಾನೇ ಮಾತಾಡಿದೆ.

"ಏನೇನು ಒಪ್ಕಂಡ, ಸಾಹೇಬ್ರೆ?" ಎಂದೆ.

"ಬೀರು ಬೀಗ ಮುರ್ದ. ಬಟ್ಲು ಎತ್ಕಂಡ. ಅಮಾಸೆ ದಿವ್ಸ ಮಟಮಟ ಮಧ್ಯಾಹ್ನ ಅಂಗ್ಡಿ ಬಾಗ್ಲು ಆಕ್ಕಂಡು ಕರಗಿಸ್ಬುಟ್ಟ. ಮಾರಿ ಮಿಕ್ಕಿರೋ ಗಟ್ಟಿ ಇದೋ ನೋಡಿ."

ಮೇಜಿನ ಮೇಲೆ ಹುಣಸೆಬೀಜದಷ್ಟು ದಪ್ಪದ ಚಿನ್ನದ ಗಟ್ಟಿ. ಪಕ್ಕದಲ್ಲಿ ಚಿನ್ನ ಕರಗಿಸುವ ಮೂಸೆ, ಊದುಗೊಳವೆ, ಅಂಗೈ ಉದ್ದದ ಕರೀ ಒರೆಗಲ್ಲು. ಎಲ್ಲವೂ ಅಂಗಡಿಯಿಂದ ಬಂದವು. ಗಟ್ಟಿ ಯಾರೋ ಬಳೆಗೆ ಕೊಟ್ಟ ಚಿನ್ನವೆಂದು ಪಾರ್ವತಮ್ಮ ಬೆಳಗಿನಿಂದ ಬಾಯಿ ಬಡಿದುಕೊಳ್ಳುತ್ತಿದ್ದಳು. ಕೊಟ್ಟವರು ಮಾತ್ರ ಇತ್ತ ತಲೆ ಹಾಕಿರಲಿಲ್ಲ. ನಮ್ಮ ಕಡೆ ಜನ ಠಾಣೆ ಮೆಟ್ಟಿಲು ಹತ್ತುವುದಕ್ಕಿಂತ ಚಿನ್ನವನ್ನೇ ಬಿಟ್ಟಾರು.

ನನ್ನ ಮೂಗು ಆ ಗಟ್ಟಿಯನ್ನು ಮೂಸಲಿಲ್ಲ. ಬೇರೆ ಒಂದು ಮಾತಿನ ಮೇಲೆ ಹೋಗಿ ಕೂತಿತು.

"ಅಮಾಸೆ ದಿವ್ಸ ಅಂದ್ರಾ?"

"ಊಂ."

"ಅಮಾಸೆ ದಿವ್ಸ ಆಚಾರಿ ಮೂಸೆ ಇಟ್ನಾ?"

ನಾಗರಾಜು ಹುಬ್ಬು ಗಂಟಿಕ್ಕಿದ. ಅವನಿಗೆ ಹೊಳೆದಿರಲಿಲ್ಲ. ಅವನೂ ನನ್ನ ಹಾಗೆ ಒಕ್ಕಲು ಮನೆಯವನು. ಆಚಾರಿಗಳ ಮನೆಯಲ್ಲಿ ಅಮಾವಾಸ್ಯೆಯೆಂದರೆ ಕಸುಬಿಗೆ ರಜೆ. ಅಂದು ಕಮ್ಮಾರ ಕುಲುಮೆ ಹೊತ್ತಿಸುವುದಿಲ್ಲ, ಬಡಗಿ ಉಳಿ ಮುಟ್ಟುವುದಿಲ್ಲ, ಅಕ್ಕಸಾಲಿ ಬೆಂಕಿ ಊದುವುದಿಲ್ಲ. ನಾಳೆ ಧಾರೆ ಇದೆ, ತಾಳಿ ಇವತ್ತೇ ಬೇಕು ಎಂದು ಮದುವಣಗಿತ್ತಿಯ ಅಪ್ಪ ಕಾಲಿಗೆ ಬಿದ್ದರೂ, "ನಾಳಿಕೆ ಬನ್ನಿ ಗೌಡ್ರೆ" ಎಂದೇ ಉತ್ತರ. ಆ ಒಪ್ಪಿಗೆಯನ್ನು ಕಟ್ಟಿದ ಬಾಯಿ ಆಚಾರಿಯದಲ್ಲ. ನೇಗಿಲು ಹಿಡಿದವರ ಮನೆಯದು.

ಇದನ್ನು ಎದೆಯುಬ್ಬಿಸಿ ಹೇಳಿದೆ. ಠಾಣೆಯ ಫ್ಯಾನು ಕೂಡ ಒಂದು ಗಳಿಗೆ ನಿಂತು ಕೇಳಿತು ಎಂದೇ ನನ್ನ ನಂಬಿಕೆ.

ನಾಗರಾಜು ನಕ್ಕ. "ಕದಿಯೋ ನನ್ಮಗ ಪಂಚಾಂಗ ನೋಡ್ತಾನೇನಣ್ಣ? ಅವತ್ತು ಬೀದೀಲಿರೋ ಆಚಾರ್ರೆಲ್ಲ ಬಾಗ್ಲು ಆಕಿರ್ತಾರೆ, ಯಾರ ಕಣ್ಣಿಗೂ ಬೀಳಲ್ಲ ಅಂತ್ಲೇ ಅವತ್ತು ಕರಗ್ಸವ್ನೆ. ಅಮಾಸೆ ನಿಮ್ ಕಡೆ ಸಾಕ್ಷಿ ಅಲ್ಲ, ನಮ್ ಕಡೆ ಸಾಕ್ಷಿ."

ಮೀಸೆಗೆ ಹೋಗಿದ್ದ ನನ್ನ ಕೈ, ಭೂಮಿ ಹುಟ್ಟಿದ ಮೇಲೆ ಮೊದಲ ಸಲ, ತಿರುವದೆ ಕೆಳಗಿಳಿಯಿತು.

"ಕರೆಸಿ ಅವನನ್ನು," ಎಂದರು ಫಾದರ್. ಅಂದು ಅವರು ಆಡಿದ ಮೊದಲ ಮಾತು ಅದು.

ಕಾನ್‌ಸ್ಟೇಬಲ್ ಲಕ್ಷ್ಮಣಾಚಾರಿಯನ್ನು ತೋಳು ಹಿಡಿದು ಕರೆತಂದ. ಅವನು ನಿಲ್ಲಲಾರದೆ ಗೋಡೆಗೆ ಒರಗಿದ. ಬಲಗೈಯ ಬೆರಳುಗಳು ಒಂದಕ್ಕೊಂದು ಅಂಟಿಕೊಳ್ಳುವಂತೆ ಊದಿದ್ದವು. ಉಗುರುಗಳ ಬುಡ ನೇರಳೆ. ಕೂದಲೆಳೆಯಷ್ಟು ತಂತಿಯನ್ನು ಹಿಡಿದು ಬಗ್ಗಿಸುತ್ತಿದ್ದ ಬೆರಳುಗಳು ಅವು. ನಾನು ಇಲಿಯನ್ನು ಹುಲಿ ಮಾಡುವವನು, ನನ್ನ ಓದುಗರಿಗೆ ಅದು ಗೊತ್ತು. ಈ ಬೆರಳುಗಳ ವಿಷಯದಲ್ಲಿ ಮಾತ್ರ ಒಂದಕ್ಷರವೂ ಹೆಚ್ಚು ಹೇಳಿಲ್ಲ. ಕಮ್ಮಿಯೇ ಹೇಳಿದ್ದೇನೆ.

ಫಾದರ್ ಮೇಜಿನ ಮೇಲಿದ್ದ ಒರೆಗಲ್ಲನ್ನು ಕೈಗೆತ್ತಿಕೊಂಡರು.

"ನಾಗರಾಜು, ಇದಕ್ಕೆ ಗ್ರೀಕರು ಬಾಸನೋಸ್ ಅಂತಿದ್ದರು."

"ಏನಂತಾರೋ ಅನ್ಕಳ್ಲಿ ಫಾದರ್. ನಮ್ಗೆ ಅದು ಮುದ್ದೆಮಾಲು, ಜಪ್ತಿ ಮಾಡಿರೋ ಸಾಮಾನು."

"ಕೇಳು. ಈ ಕಲ್ಲಿಗೆ ಚಿನ್ನ ಉಜ್ಜಿದರೆ ಅಸಲೋ ನಕಲೋ ಗೊತ್ತಾಗುತ್ತೆ. ಬಾಸನೋಸ್ ಅಂದರೆ ಮೊದಲಿಗೆ ಅಷ್ಟೇ, ಒರೆಗಲ್ಲು. ಆಮೇಲೆ ಯಾವುದೇ ಪರೀಕ್ಷೆಗೂ ಆ ಹೆಸರು ಬಂತು. ಆಮೇಲೆ ಅವರ ನ್ಯಾಯಾಲಯಗಳಿಗೆ ಹೋಯಿತು. ಅಥೆನ್ಸಿನಲ್ಲಿ ಗುಲಾಮ ಸುಮ್ಮನೆ ಬಂದು ಸಾಕ್ಷಿ ಹೇಳಿದರೆ ಅದು ಸಾಕ್ಷಿ ಅಲ್ಲ. ಅವನನ್ನು ಹಿಂಸೆ ಮಾಡಿ ಹೇಳಿಸಿದರೆ ಮಾತ್ರ ಸಾಕ್ಷಿ. ಆ ಹಿಂಸೆಗೂ ಇದೇ ಹೆಸರಿಟ್ಟರು. ಚಿನ್ನಕ್ಕೆ ಕಲ್ಲು, ಮನುಷ್ಯನಿಗೆ ಚಾಟಿ, ಎರಡೂ ಒಂದೇ ಕೆಲಸ ಮಾಡುತ್ತೆ ಅಂತ ಅವರ ಲೆಕ್ಕ."

"ತೆಪ್ಪೇನಿಲ್ವಲ್ಲ," ಎಂದ ನಾಗರಾಜು. "ಉಜ್ಜಿದ್ರೆ ತಾನೆ ಬಣ್ಣ ಆಚೆಗೆ ಬರೋದು?"

"ಯೇಸುವಿನ ಶುಭಸಂದೇಶ ಬರೆಯುವ ಹೊತ್ತಿಗೆ ಏನಾಗಿತ್ತು ಗೊತ್ತಾ?" ಫಾದರ್ ದನಿ ಏರಿಸಲಿಲ್ಲ. "ಮತ್ತಾಯ ಬರೆದದ್ದರಲ್ಲಿ ಒಬ್ಬ ಸೇವಕ ಪಾರ್ಶ್ವವಾಯು ಬಡಿದು ಮಲಗಿದ್ದಾನೆ, ನರಳುತ್ತಿದ್ದಾನೆ. ಅಲ್ಲಿ ಇದೇ ಮಾತು. ಅಲೆಗಳು ದೋಣಿಯನ್ನು ಬಡಿಯುತ್ತವೆ, ಅಲ್ಲೂ ಇದೇ. ಲೂಕನಲ್ಲಿ ಸತ್ತ ಸಾಹುಕಾರ ಪಾತಾಳದ ಬೆಂಕಿಯಲ್ಲಿ ಬೇಯುತ್ತಾನೆ, ಆ ಯಾತನೆಗೂ ಇದೇ. ಸೆರೆಯಲ್ಲಿ ಕೈದಿಗಳನ್ನು ಹಿಂಸಿಸುವ ಅಧಿಕಾರಿ ಒಬ್ಬ ಬರುತ್ತಾನೆ. ಅವನ ಹುದ್ದೆಯ ಹೆಸರು ಕೂಡ ಈ ಕಲ್ಲಿನಿಂದಲೇ ಹುಟ್ಟಿದ್ದು. ಅಷ್ಟು ಹೊತ್ತಿಗೆ ಕಲ್ಲನ್ನು ಎಲ್ಲರೂ ಮರೆತಿದ್ದರಪ್ಪ. ನಿಜ ತಿಳಿಯೋದೂ ಮರೆತುಹೋಗಿತ್ತು. ನೋವು ಮಾತ್ರ ಉಳಿದಿತ್ತು."

ಹೊರಗೆ ಕಬ್ಬು ತುಂಬಿದ ಟ್ರಾಕ್ಟರೊಂದು ಏದುಸಿರು ಬಿಡುತ್ತಾ ಹೋಯಿತು.

"ಪಾಠ ಚೆನ್ನಾಗದೆ," ಎಂದ ನಾಗರಾಜು, ಮುಖ ತಿರುಗಿಸಿ. "ಆದ್ರೆ ಅವ್ನ ಬಾಯಿಂದ ಬಂದಿರೋದು ಸುಳ್ಳು ಅಂತ ಎಂಗೇಳ್ತೀರಿ? ಒಡ್ದಿದ್ಕೆ ನಿಜಾನೂ ಬಂದಿರ್ಬೌದಲ್ಲ?"

ನಿಜವೇ. ಗ್ರೀಕರಿಗೂ ಅದಕ್ಕೆ ಉತ್ತರ ತಿಳಿದಿರಲಿಲ್ಲವೆಂದು ಕಾಣುತ್ತದೆ. ಹಾಗಾಗಿ ಜವಾಬ್ದಾರಿ ನಾಗಮಂಗಲದವರ ಮೇಲೆ ಬಿತ್ತು.

ನಾನು ಫಾದರ್ ಕೈಯಿಂದ ಕಲ್ಲು ಇಸಿದುಕೊಂಡು ಕಿಟಕಿ ಬೆಳಕಿಗೆ ಹಿಡಿದೆ. ಅದರ ಮೇಲೆ ಹಳೆಯ ಗೆರೆಗಳು. ಒಂಟಿ ಗೆರೆ ಎಲ್ಲೂ ಇಲ್ಲ, ಎಲ್ಲವೂ ಜೋಡಿ. ಅಕ್ಕಸಾಲಿಗಳ ಮುಂದೆ ಕೂತು ನಾನು ಕಳೆದ ಹೊತ್ತನ್ನು ಕೂಡಿಸಿದರೆ ಇನ್ನೊಂದು ಜನ್ಮವಾದೀತು, ಆದ್ದರಿಂದ ಕಾರಣ ಗೊತ್ತಿತ್ತು. ಗಿರಾಕಿಯ ಒಡವೆಯನ್ನು ಉಜ್ಜುವ ಮೊದಲು ಅವರು ಗೊತ್ತಿರುವ ಚಿನ್ನದ ಕಡ್ಡಿಯೊಂದನ್ನು ಎಳೆಯುತ್ತಾರೆ. ಅದರ ಪಕ್ಕದಲ್ಲಿ ಗೊತ್ತಿಲ್ಲದ್ದು. ಕಣ್ಣು ಎರಡರ ಮೇಲೂ ಓಡಾಡಬೇಕು. ಒಂದೇ ಗೆರೆಯನ್ನು ನೋಡಿ ತೀರ್ಪು ಹೇಳುವ ಅಕ್ಕಸಾಲಿ ಇಲ್ಲ.

ನಾಗರಾಜುವನ್ನು ಮೂಲೆಗೆ ಕರೆದೆ. "ಸಾಹೇಬ್ರೆ, ನಿಮ್ಮವ್ವ ಮಂಚಮ್ಮನ ಕೊರಳಲ್ಲಿ ಎರಡೆಳೆ ಸರ ಅದೆಯಲ್ಲ, ಈಗ್ಲೂ ಅದ್ಯಾ?"

"ಐತೆ. ಪಾಂಡವಪುರದ ಮನೇಲಿ. ಬೆಳಿಗ್ಗೆ ರೊಟ್ಟಿ ತಟ್ಕೊಟ್ಟು ಕಳಿಸ್ದಾಗ ಕೊರಳಲ್ಲೇ ಇತ್ತು. ಯಾಕೆ?"

"ಅದ್ನ ಕದ್ದೋನು ಯಾರು ಅಂತ ಕೇಳಿ."

"ಏನಣ್ಣ ತಮಾಸೆ ಮಾಡ್ತೀರಾ?"

"ಬಟ್ಲು ವಿಚಾರ ಎಂಗೆ ಕೇಳಿದ್ರೋ ಅಂಗೇ ಕೇಳಿ. ಕೈ ಮಾಡ್ಬೇಡಿ. ಅದೇ ದನಿ, ಅದೇ ಮಾತು. ಗೊತ್ತಿರೋ ಸುಳ್ಳನ್ನ ಒಂದು ಗೆರೆ ಎಳೀರಿ. ಪಕ್ಕದಲ್ಲಿ ಇನ್ನೊಂದು ಆಗ್ಲೇ ಅದೆ."

ಅವನು ನನ್ನನ್ನೇ ನೋಡಿದ. ಆಮೇಲೆ ಬೆಲ್ಟು ಸರಿ ಮಾಡಿಕೊಂಡು ಗೋಡೆಯ ಹತ್ತಿರ ಹೋದ.

"ಲೇ ಆಚಾರಿ. ಪಾಂಡವಪುರದ ಮಂಚಮ್ಮನ ಎರಡೆಳೆ ಸರ ಎತ್ತಿದ್ದೂ ನೀನೇ ತಾನೇ?"

ಲಕ್ಷ್ಮಣಾಚಾರಿ ತಲೆಯೆತ್ತಲಿಲ್ಲ. "ಊಂ ಸಾ. ನಾನೇ."

"ಎಂಗೆ ಎತ್ದೆ?"

"ಬೀಗ ಮುರ್ದೆ ಸಾ."

"ಏನ್ಮಾಡ್ದೆ?"

"ಕರಗಿಸ್ಬುಟ್ಟೆ ಸಾ."

"ಎಲ್ಲಿ ಕರಗಿಸ್ದೆ?"

ಈಗ ಅವನು ನಾಗರಾಜುವಿನ ಮುಖ ನೋಡಿದ. ಪರೀಕ್ಷೆಯಲ್ಲಿ ಉತ್ತರ ಮರೆತವನು ಮೇಷ್ಟ್ರ ತುಟಿ ನೋಡುವಂತೆ ನೋಡಿದ.

"ನೀವೆಲ್ಲಿ ಅಂತೀರೋ ಅಲ್ಲಿ ಸಾ."

ನಾಗರಾಜು ಹಿಂದಕ್ಕೆ ಸರಿದು ಕುರ್ಚಿಗಾಗಿ ಕೈ ಚಾಚಿದ. ಸಿಗಲಿಲ್ಲ, ಬೆಂಚಿನ ಮೇಲೆ ಕೂತ. ಬಾಗಿಲಲ್ಲಿದ್ದ ಕಾನ್‌ಸ್ಟೇಬಲ್‌ಗೆ "ಆಚೆಗೋಗ್ಲಾ" ಎಂದ.

"ನಮ್ಮವ್ವ ಅವ್ನ ಕಡೆ ಒಂದ್ಸಲನೂ ಕಣ್ಣೆತ್ತಿ ನೋಡಿಲ್ಲ ಕಣಣ್ಣ," ಎಂದ. ಆ ದನಿ ಸಬ್ ಇನ್ಸ್‌ಪೆಕ್ಟರ್‌ನದಾಗಿರಲಿಲ್ಲ.

ಇಂಥ ಗೆಲುವಿಗೆ ನಾನು ಬೇರೆ ದಿನವಾದರೆ ಮೀಸೆ ತಿರುವಿ, ಎರಡು ಟೀ ಹೇಳಿ, ಮುಂದಿನ ಮೂರು ಊರುಗಳಲ್ಲಿ ಹಾಡಿಕೊಂಡು ತಿರುಗುತ್ತಿದ್ದೆ. ಅಂದು ಮೀಸೆಗೆ ಕೈ ಹೋಗಲಿಲ್ಲ.

ಆಚಾರಿಯನ್ನು ಕೂರಿಸಿ ನೀರು ಕುಡಿಸಿದೆ. ಲೋಟವನ್ನು ನಾನೇ ಹಿಡಿದುಕೊಳ್ಳಬೇಕಾಯಿತು.

"ಲಕ್ಷ್ಮಣಣ್ಣ, ಈಗ ಯಾರೂ ಒಡೆಯಲ್ಲ. ಬಟ್ಲು ನಿನ್ ಕೈಗೆ ಬಂತಲ್ಲ ಅವತ್ತು, ಏನ್ ಮಾಡ್ದೆ?"

"ಒರೆ ಅಚ್ದೆ."

"ಯಾಕೆ? ನೀನು ಕಾಲು ಬೆಸೆಯೋಕೆ ತಾನೇ ಓಗಿದ್ದು?"

"ಯಾವ ಚಿನ್ನ ಅಂತ ಗೊತ್ತಾಗ್ದೆ ಬೆಸುಗೆ ಆಕಕ್ಕಾಗಲ್ಲ ಅಣ್ಣ. ಚಿನ್ನಕ್ಕೆ ತಕ್ಕಂಗೆ ಬೆಸುಗೆ. ಕಾಲಿನ ಒಳಗಡೆ, ಯಾರಿಗೂ ಕಾಣ್ದಿರೋ ಕಡೆ, ಒಂಚೂರು ಅರ ಆಡ್ಸಿ ಒರೆ ಅಚ್ದೆ. ಆಸಿಡ್ ಬುಟ್ಟೆ." ಅವನು ಉಸಿರು ಎಳೆದುಕೊಂಡ. "ಗೆರೆನೇ ಒಂಟೋಯ್ತು."

"ಅಂದ್ರೆ?"

"ಚಿನ್ನ ಅಲ್ಲ ಅಣ್ಣ ಅದು. ಇತ್ತಾಳೆ. ಮೇಲೆ ಚಿನ್ನದ ನೀರು. ಅದೂ ಅಳೇದಲ್ಲ, ಒಸದಾಗಿ ಮಾಡ್ಸಿರೋದು."

ನಾಗರಾಜು ಎದ್ದು ನಿಂತ.

ನನ್ನ ತಲೆಯೊಳಗೆ ಒಂದೇ ಸಲಕ್ಕೆ ಹತ್ತು ಬಾಗಿಲು ತೆರೆದವು. ಅಸಲಿ ಬಟ್ಟಲನ್ನು ಯಾರೋ ಮುಂಚೆಯೇ ಎತ್ತಿ, ಅದರ ಜಾಗದಲ್ಲಿ ಹಿತ್ತಾಳೆಯದನ್ನು ಇಟ್ಟಿದ್ದರು. ಆಚಾರಿಯ ಕಲ್ಲಿಗೆ ಅದು ಸಿಕ್ಕಿಬಿದ್ದಿತು. ಇನ್ನೊಬ್ಬರು ಒರೆ ಹಚ್ಚುವ ಮೊದಲೇ ಹಿತ್ತಾಳೆಯೂ ಮಾಯ! ಹಾಗಾದರೆ, ಆಚಾರಿಗೆ ಗುಟ್ಟು ತಿಳಿಯಿತೆಂಬ ಸುದ್ದಿ ಕಳ್ಳನಿಗೆ ಮುಟ್ಟಿರಲೇಬೇಕು.

"ಇದ್ನ ಯಾರಿಗೇಳಿದ್ಯಲಾ?" ಎಂದ ನಾಗರಾಜು.

"ಒಬ್ರಿಗೇ ಸಾ."

"ಯಾರು?"

ಲಕ್ಷ್ಮಣಾಚಾರಿ ತುಟಿ ಕಚ್ಚಿಕೊಂಡ.

"ಇಷ್ಟು ಏಟು ತಿಂದೂ ಯಾಕ್ ಏಳ್ನಿಲ್ಲ? ಕದೀದೇ ಇರೋದ್ನ ಕದ್ದೆ ಅಂದ್ಯಲ್ಲೋ! ಇದ್ನ ಏಳಕ್ಕೆ ಏನಾಗಿತ್ತು?"

"ಯಾರಿಗೂ ಏಳ್ಬ್ಯಾಡ ಅಂದ್ರು ಸಾ. ಆಯ್ತು ಅಂತ ಮಾತು ಕೊಟ್ಟಿದ್ದೆ."

"ಯಾರಿಗ್ಲಾ?"

ಉತ್ತರ ಬಂದದ್ದು ಕಿಟಕಿಯ ಕಡೆಯಿಂದ.

"ನನಗೆ," ಎಂದರು ಫಾದರ್ ಚೌರಪ್ಪ.

ನಾನು ಮೂವತ್ತು ಮೈಲಿ ಆಚೆ ಬಿದ್ದ ಸೂಜಿಯ ಸದ್ದು ಕೇಳುವವನು. ನನ್ನ ಸ್ಕೂಟರಿನ ಹಿಂದಿನ ಸೀಟಿನಲ್ಲೇ ಕೂತಿದ್ದ ಮೌನ ಮಾತ್ರ ನನಗೆ ಕೇಳಿಸಿರಲಿಲ್ಲ.

"ನಿಮ್ದೊಂದು ಮಾತು ಬಂದಿದ್ರೆ," ನಾಗರಾಜು ಆಚಾರಿಯ ಕೈಯ ಕಡೆ ಬೆರಳು ತೋರಿಸಿದ, "ನಾನು ಇವನ್ನ ಮುಟ್ತಿರ್ನಿಲ್ಲ ಫಾದರ್."

"ಹೌದು."

"ಹೌದು ಅಂದ್ರೆ? ಅಲ್ಲಿ ನಿಂತ್ಕಂಡು ಕಲ್ಲು, ಗ್ರೀಕು ಅಂತ ನನಗೆ ಪಾಠ ಏಳಿದ್ರಲ್ಲ!"

"ನನಗೂ ಹೇಳಿಕೊಳ್ಳುತ್ತಿದ್ದೆ."

"ಆ ಬಟ್ಲು ಬದ್ಲಾಯಿಸಿದ್ದು ಯಾರು?"

"ಅದಕ್ಕೆ ನಾನು ಉತ್ತರ ಕೊಡೋ ಹಾಗಿಲ್ಲ."

"ಗೊತ್ತಿಲ್ಲ ಅಂತೀರಾ?"

"ಕೊಡೋ ಹಾಗಿಲ್ಲ ಅಂದೆ."

ನಾಗರಾಜು ನನ್ನ ಕಡೆ ನೋಡಿದ. ಅವನಿಗೆ ಅರ್ಥವಾಗಲಿಲ್ಲ. ನನಗೆ ಆಯಿತು, ಆಗಬಾರದಿತ್ತು ಅನ್ನಿಸಿತು. ಅವರಲ್ಲಿ ಪಾಪನಿವೇದನೆ ಎಂಬುದೊಂದಿದೆ. ಜನ ಗುರುಗಳ ಬಳಿ ಮೊಣಕಾಲೂರಿ ತಮ್ಮ ತಪ್ಪು ಹೇಳಿಕೊಳ್ಳುತ್ತಾರೆ. ಅಲ್ಲಿ ಕೇಳಿದ್ದನ್ನು ಗುರು ತನ್ನ ಕೊರಳು ಕೊಯ್ದರೂ ಹೊರಗೆ ಹಾಕುವಂತಿಲ್ಲ. ಯಾರು ಬಂದಿದ್ದರೆಂಬ ಸುಳಿವನ್ನೂ ಕೊಡುವಂತಿಲ್ಲ. ಇದು ನನ್ನ ಊಹೆ. ಅವರು ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಅಥವಾ ಅದು ಬರೀ ನೆಪವಾಗಿದ್ದು, ಆ ಮುದುಕರ ಕೈಯೇ ಬಟ್ಟಲಿನ ಮೇಲೆ ಬಿದ್ದಿತ್ತೋ? ಪತ್ತೇದಾರನಾದವನು ಅದನ್ನೂ ಯೋಚಿಸಬೇಕು. ಯೋಚಿಸಿದೆ.

"ಬೋರಣ್ಣ, ನನ್ ಕಷ್ಟ ನೋಡಿ," ಎಂದ ನಾಗರಾಜು. "ನಾಳೆ ಇವನ್ನ ಜಡ್ಜ್ ಮುಂದೆ ನಿಲ್ಲಿಸ್ಬೇಕು. ಇತ್ತಾಳೆ ಅಂತ ಇವ್ನು ಏಳ್ತಾನೆ, ತೋರ್ಸಕ್ಕೆ ಬಟ್ಲಿಲ್ಲ. ಫಾದರ್ ಅರ್ಧ ಏಳಿ ಬಾಯ್ ಮುಚ್ಕತಾರೆ. ಮೇಲ್ನೋರಿಗೆ ಬಟ್ಲು ಬೇಕು, ಇಲ್ಲಾ ಕಳ್ಳ ಬೇಕು. ಕಳ್ಳನ ಎಸ್ರು ಕೊಡ್ದೆ ಇವನನ್ನ ಎಂಗ್ ಬುಡ್ಲಿ?"

ಬಾಗಿಲಲ್ಲಿ ಪಾರ್ವತಮ್ಮ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ತಿಳಿಯದು. ಅವಳು ಗಂಡನ ಹತ್ತಿರ ಹೋಗಲಿಲ್ಲ. ನೇರವಾಗಿ ಫಾದರ್ ಎದುರಿಗೆ ಬಂದಳು.

"ಸಾಮಿ, ನಿಮ್ಗೆ ಯಾರೋ ಏನೋ ಏಳವ್ರೆ, ಅದ್ನ ನೀವು ಕಾಯ್ತೀರಿ. ಕಾಯಿರಿ. ನನ್ ಗಂಡನೂ ನಿಮ್ಗೊಂದು ಮಾತು ಕೊಟ್ಟಿತ್ತು. ಅದೂ ಕಾಯ್ತು." ಅವಳ ದನಿ ನಡುಗಲಿಲ್ಲ. "ಅದರ ಕೈ ನೋಡಿ ಸಾಮಿ. ನಿಮ್ ಕೈ ಎಲ್ಲದೆ?"

ಫಾದರ್ ಲಕ್ಷ್ಮಣಾಚಾರಿಯ ಬೆರಳುಗಳನ್ನು ನೋಡಿದರು. ಮುಖ ತಿರುಗಿಸಿದರು, ಮತ್ತೆ ನೋಡಿದರು. ಆ ಎರಡನೆಯ ನೋಟದಲ್ಲಿ ಅವರು ಹತ್ತು ವರ್ಷ ಮುದುಕರಾದರು.

ಮೇಜಿನ ಹತ್ತಿರ ಬಂದು ಕುರ್ಚಿ ಎಳೆದು ಕೂತರು. ಕೊರಳಿನ ಶಿಲುಬೆಯನ್ನು ತೆಗೆದು ಜುಬ್ಬದ ಜೇಬಿಗೆ ಹಾಕಿಕೊಂಡರು.

"ಬರೆದುಕೊಳ್ಳಿ, ನಾಗರಾಜು," ಎಂದರು. "ಬಟ್ಟಲು ಬದಲಾಯಿಸಿದವನು ನಾನು. ಹಿತ್ತಾಳೆಯದನ್ನು ನದಿಗೆ ಹಾಕಿದವನೂ ನಾನೇ. ಈ ಆಚಾರಿಗೂ ಇದಕ್ಕೂ ಸಂಬಂಧವಿಲ್ಲ."

"ಬ್ಯಾಡಿ ಸಾಮಿ..." ಲಕ್ಷ್ಮಣಾಚಾರಿ ಎದ್ದೇಳಲು ಹೋಗಿ ಊದಿದ ಕೈಯನ್ನೇ ಗೋಡೆಗೆ ಊರಿ ಕೂಗಿಕೊಂಡ.

ಯಾರೂ ಅವರನ್ನು ಮುಟ್ಟಿರಲಿಲ್ಲ. ಯಾರೂ ಗದರಿಸಿರಲಿಲ್ಲ. ನಾನು ಅವರ ಮುಖವನ್ನು ಇಂಚಿಂಚಾಗಿ ಹುಡುಕಿದೆ. ಕಳ್ಳನ ಮುಖ ನನಗೆ ಗೊತ್ತು, ಸುಳ್ಳನ ಮುಖ ಗೊತ್ತು, ಸಾಯಲು ಹೊರಟವನ ಮುಖವೂ ಗೊತ್ತು. ಇದರ ಪಕ್ಕದಲ್ಲಿ ಇಟ್ಟು ನೋಡಲು ನನ್ನ ಬಳಿ ಗೊತ್ತಿರುವ ಗೆರೆ ಯಾವುದೂ ಇರಲಿಲ್ಲ.

ನಾಗರಾಜು ಹಾಳೆ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದ. ಬರೆಯಲಿಲ್ಲ. ತಲೆಯೆತ್ತಿದ.

"ನೀವೇಳಿ ಬೋರಣ್ಣ. ನಿಜ ಅಂದ್ರೆ ಬರ್ಕತೀನಿ, ಆಚಾರಿ ಈಗ್ಲೇ ಎಂಡ್ತಿ ಜೊತೆ ಮನೆಗೋಗ್ಲಿ. ಸುಳ್ಳು ಅಂದ್ರೆ ಇವ್ನು ಇಲ್ಲೇ ಇರ್ತಾನೆ. ಬರ್ಕಳ್ಳಾ?"

ಪಾರ್ವತಮ್ಮ ನನ್ನ ಕಡೆ ತಿರುಗಿದಳು.